ಬ್ಯಾಗ್ ಕಾಯೋರು ಯಾರು?

ನಮ್ಮ ಮನೆಯಲ್ಲಿ ಯಾವ ಕೆಲಸವೂ ಸುಮ್ಮನೆ ಕೆಡುವುದಿಲ್ಲ. ಮೊದಲು ಅದಕ್ಕೊಂದು ಪ್ಲಾನ್ ಆಗುತ್ತದೆ, ಮನೆಮಂದಿಗೆಲ್ಲ ಅದನ್ನು ಓದಿ ಹೇಳುತ್ತಾರೆ, ಆಮೇಲೆ ಅದು ಕ್ರಮಬದ್ಧವಾಗಿ ಕೆಡುತ್ತದೆ.

ನಾನು ಕೊಟ್ಟೂರಿನಲ್ಲಿ ಬ್ಲೌಸ್ ಹೊಲಿಯುವವಳು. "ನಾಳಿ ಬರ್ರಿ" ಎನ್ನುವುದೇ ನನ್ನ ಕಸುಬಿನ ಮೂಲಮಂತ್ರ. ನಮ್ಮನೆಯವರು ಹಗರಿಬೊಮ್ಮನಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಇಡೀ ಶಾಲೆಯ ಟೈಮ್‌ಟೇಬಲ್ ಹಾಕುವವರು ಅವರೇ. ಯಾವ ಮೇಷ್ಟ್ರು ಯಾವ ಗಳಿಗೆಯಲ್ಲಿ ಯಾವ ಕ್ಲಾಸಿನಲ್ಲಿ ಇರಬೇಕೆಂದು ನಿದ್ದೆಗಣ್ಣಲ್ಲೂ ಹೇಳುತ್ತಾರೆ. ನಮ್ಮಿಬ್ಬರ ಜಾತಕ ಕೂಡಿಸಿದ ಅಯ್ಯನೋರು ಎಲ್ಲ ಗುಣಗಳನ್ನೂ ನೋಡಿ, ಇದೊಂದನ್ನು ಮಾತ್ರ ನೋಡಲು ಮರೆತಿದ್ದರು.

ಹೋದ ದಸರಾ ರಜೆಯಲ್ಲಿ ಬೆಂಗಳೂರಿನ ಆಚೆ ಇರುವ ಆಟದ ಪಾರ್ಕಿಗೆ ಹೋಗುವುದೆಂದು ಆಯಿತು. ನೀರಾಟ, ಗಿರಿಗಿಟ್ಟಲೆ, ತಲೆಕೆಳಗಾಗುವ ರೈಲು ಎಲ್ಲ ಇರುವ ಜಾಗ. ಹೊರಟವರು ಐದು ಜನ: ನಾವಿಬ್ಬರು, ಎಂಟನೇ ಕ್ಲಾಸಿನ ಮಗಳು, ಅತ್ತೆ ಮತ್ತು ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವ ಮೈದುನ. ಕಾರು ಅವನದೇ. ಅಣ್ಣ ಹುಟ್ಟಿದ್ದು ಪ್ಲಾನ್ ಹಾಕಲು, ತಮ್ಮ ಹುಟ್ಟಿದ್ದು "ಹೋಗಿ ನೋಡ್ಕೊಂಡ್ರಾತು" ಅನ್ನಲು. ಇಬ್ಬರನ್ನೂ ಹೆತ್ತ ಅತ್ತೆ ಯಾವ ಕಡೆಯವರು ಅನ್ನುವುದು ನನಗೆ ಆ ಪ್ರವಾಸದ ತನಕ ಗೊತ್ತಿರಲಿಲ್ಲ.

ಏಳು ಪಿರಿಯಡ್ಡು

ನಮ್ಮನೆಯವರು ಡ್ರಾಯಿಂಗ್ ಶೀಟಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದರು. ಪಾರ್ಕಿನ ಒಂದು ದಿನಕ್ಕೆ ಏಳು ಪಿರಿಯಡ್ಡು, ನಡುವೆ ಊಟದ ಬಿಡುವು. ಮಗಳಿಗೆ ಜಾರುಬಂಡೆ, ಅಲೆಯ ಕೊಳ, ರೈಲು. ಮೈದುನನಿಗೆ ಫೋಟೋ ತೆಗೆಯುವುದು. ನನಗೆ ಮಗಳ ಮೇಲ್ವಿಚಾರಣೆ. ಅತ್ತೆಯ ಸಾಲಿನಲ್ಲಿ ಮೊದಲ ಪಿರಿಯಡ್ಡಿನಿಂದ ಏಳನೆಯದರ ತನಕ ಒಂದೇ ವಿಷಯ: 'ನೆರಳಲ್ಲಿ ಕೂತು ಬ್ಯಾಗ್ ಕಾಯುವುದು.' ಊಟದ ಬಿಡುವಿನಲ್ಲಿ ಮಾತ್ರ ಸ್ವಲ್ಪ ಬದಲಾವಣೆ ಇತ್ತು. ಅಲ್ಲಿ 'ಬ್ಯಾಗ್ ಹತ್ತಿರ ಊಟ' ಎಂದಿತ್ತು.

ಮೊಮ್ಮಗಳು ಅದನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿದಳು. ಅತ್ತೆ ಕೇಳಿಸಿಕೊಂಡು, ಕೈಯಲ್ಲಿದ್ದ ಅವರೆಕಾಯಿ ಪಕ್ಕಕ್ಕಿಟ್ಟರು.

"ಆ ದೊಡ್ಡ ಚಕ್ರ ಐತೆಲ್ಲಪಾ, ಮ್ಯಾಲ ಹೋಗೋದು, ಅದರಾಗ ನಾನೂ ಒಮ್ಮಿ ಕುಂದ್ರತೀನಿ."

ಆ ಚಕ್ರವನ್ನು ಅವರು ಮೊಮ್ಮಗಳ ಫೋನಿನಲ್ಲಿ ನೋಡಿದ್ದರು. ನೋಡಿ, ಇನ್ನೊಮ್ಮೆ ಹಾಕು ಎಂದಿದ್ದರು. ಮತ್ತೊಮ್ಮೆ ಹಾಕು ಎಂದಿದ್ದರು. ಅತ್ತೆ ಯಾವತ್ತೂ ಏನನ್ನೂ ಬೇಕು ಅಂದವರಲ್ಲ. ಮದುವೆ ಮನೆಯಾಗಲಿ, ಸಂತೆಯಾಗಲಿ, ಆಸ್ಪತ್ರೆಯಾಗಲಿ, ಎಲ್ಲರೂ ಒಳಗೆ ಹೋದಾಗ ಹೊರಗೆ ಗಂಟು ಕಾಯುತ್ತಾ ಕೂತವರು. ಅವರ ಬಾಯಿಂದ ಹೀಗೊಂದು ಮಾತು ಬಂದದ್ದು ಕೇಳಿ ನನಗೆ ಖುಷಿಯೂ ಆಯಿತು, ಇಷ್ಟು ವರ್ಷ ನಾವ್ಯಾರೂ ಕೇಳಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ನಮ್ಮನೆಯವರಿಗೆ ಎರಡೂ ಆಗಲಿಲ್ಲ. "ನೀ ಕುಂತ್ರ ಬ್ಯಾಗ್ ಕಾಯೋರು ಯಾರವ್ವಾ?" ಎಂದರು.

"ಅಲ್ಲಿ ಲಾಕರ್ ಇರ್ತಾವಂತಲ್ರಿ," ಎಂದೆ ನಾನು.

"ಕೀಲಿ ಕಳದ್ರ?"

ಕೀಲಿ ಕಳೆದರೆ ಏನು ಮಾಡಬೇಕೆಂದು ಇನ್ನೊಂದು ಪ್ಲಾನ್ ಹಾಕಬಾರದೆ ಎಂದು ಕೇಳಬೇಕೆಂದಿದ್ದೆ. ಹಾಕಿಬಿಟ್ಟಾರೆಂದು ಸುಮ್ಮನಾದೆ.

"ಅದೂ ಅಲ್ಲದ, ಈ ವಯಸ್ಸಿನ್ಯಾಗ ನಿನಗ ತಲಿ ತಿರಗತೈತಿ," ಎಂದರು ಅವರು ತಾಯಿಗೆ.

ಅತ್ತೆ ಮತ್ತೆ ಅವರೆಕಾಯಿ ಕೈಗೆತ್ತಿಕೊಂಡರು. "ತಿರಗೋದು ಅದಪಾ. ನಾ ಸುಮ್ನ ಕುಂದ್ರೋದು."

ಸೀಟಿ

ಜನಜಂಗುಳಿಯಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಏನು ಗತಿ? ಅದಕ್ಕೂ ವ್ಯವಸ್ಥೆಯಾಯಿತು. ನಮ್ಮನೆಯವರು ಶಾಲೆಯ ಪಿ.ಟಿ. ಮೇಷ್ಟ್ರಿಂದ ಒಂದು ಸೀಟಿ ಎರವಲು ತಂದರು. ಸೀಟಿ ಊದಿದ ಕೂಡಲೇ ಯಾರು ಎಲ್ಲೇ ಇರಲಿ, ಏನೇ ಮಾಡುತ್ತಿರಲಿ, ಬಿಟ್ಟು ಓಡಿಬಂದು ಸಾಲಾಗಿ ನಿಲ್ಲಬೇಕು.

"ಒಮ್ಮಿ ರಿಹರ್ಸಲ್ ಆಗ್ಲಿ," ಎಂದು ಸಂಜೆ ನಮ್ಮನ್ನೆಲ್ಲ ಓಣಿಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಚದುರಿಸಿದರು. ನನ್ನನ್ನು ಕಿರಾಣಿ ಅಂಗಡಿ ಮುಂದೆ, ಮಗಳನ್ನು ನೀರಿನ ಟ್ಯಾಂಕಿನ ಹತ್ತಿರ, ಅತ್ತೆಯನ್ನು ಎದುರುಮನೆ ಕಟ್ಟೆಯ ಮೇಲೆ. ಆಮೇಲೆ ನಡುಬೀದಿಯಲ್ಲಿ ನಿಂತು ಗಲ್ಲ ಉಬ್ಬಿಸಿ ಊದಿದರು.

ಅಂಗಡಿಯಲ್ಲಿ ಒಳ್ಳೆ ಕೊತ್ತಂಬರಿ ಬಂದಿತ್ತು, ನಾನು ಆರಿಸುತ್ತಿದ್ದೆ. ಮಗಳಿಗೆ ಗೆಳತಿ ಸಿಕ್ಕಿದ್ದಳು. ಅತ್ತೆ ಮಾತಿನ ನಡುವೆ ಇದ್ದರು. ನಾನು ತಿರುಗಿ ನೋಡುವ ಹೊತ್ತಿಗೆ ಓಣಿಯಲ್ಲಿ ಆಡುತ್ತಿದ್ದ ಹುಡುಗರು, ಟ್ಯೂಷನ್‌ಗೆ ಹೊರಟಿದ್ದ ಹುಡುಗಿಯರು, ನಮ್ಮನೆಯವರ ಹಳೆಯ ವಿದ್ಯಾರ್ಥಿಯಾಗಿದ್ದ ಹಾಲಿನವನು, ಎಲ್ಲರೂ ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದರು. ಹಾಲಿನವನು ಕ್ಯಾನ್ ಕೆಳಗಿಟ್ಟು ಕೈ ಮುಂದೆ ಚಾಚಿ ಅಂತರವನ್ನೂ ತೆಗೆದುಕೊಂಡಿದ್ದ.

ನಮ್ಮ ಮನೆಮಂದಿಯನ್ನು ಬಿಟ್ಟು ಇಡೀ ಓಣಿ ಕಳೆದುಹೋಗದಂತೆ ತಯಾರಾಯಿತು.

ಆ ಅವಮಾನವನ್ನು ಅವರು ಸುಮ್ಮನೆ ಬಿಡಲಿಲ್ಲ. ಮುಂದಿನ ದಿನಗಳಲ್ಲಿ ಒಲೆ ಮುಂದೆ, ಹೊಲಿಗೆ ಮಷೀನಿನ ಮುಂದೆ, ಹೊತ್ತಲ್ಲದ ಹೊತ್ತಿನಲ್ಲಿ ಊದಿ ಊದಿ, ಸೀಟಿ ಕೇಳಿದರೆ ನನ್ನ ಮತ್ತು ಮಗಳ ಕಾಲು ತಾವಾಗಿಯೇ ಓಡುವಂತೆ ಪಳಗಿಸಿದರು. ಇದರ ಫಲ ಪಾರ್ಕಿನಲ್ಲಿ ಸಿಕ್ಕಿತು, ಅದನ್ನು ಆಮೇಲೆ ಹೇಳುತ್ತೇನೆ.

ಗುರುವಾರ, ದಕ್ಷಿಣ

ಶನಿವಾರ ಭಾನುವಾರ ಪಾರ್ಕಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲವೆಂದು ಗುರುವಾರ ಹೊರಡುವುದು, ರಾತ್ರಿ ಲಾಡ್ಜಿನಲ್ಲಿ ಉಳಿಯುವುದು, ಶುಕ್ರವಾರ ಪಾರ್ಕು ಎಂದು ನಿಶ್ಚಯವಾಗಿತ್ತು. ಲಾಡ್ಜಿಗೆ ಒಂದು ಬ್ಯಾಗು, ಪಾರ್ಕಿಗೆ ಇನ್ನೊಂದು ದೊಡ್ಡ ಬ್ಯಾಗು. ಪಾರ್ಕಿನ ಬ್ಯಾಗನ್ನು ಅವರೇ ತುಂಬಿದರು. ನೀರಿಗಿಳಿಯುವ ಬಟ್ಟೆ, ಟವೆಲ್ಲು, ಎಲ್ಲರಿಗೂ ಒಣ ಬಟ್ಟೆ, ಛತ್ರಿ, ಕೆಮ್ಮಿನ ಔಷಧಿ. ತುಂಬಿ ಜಿಪ್ಪೆಳೆದು, "ಇದನ್ನ ಪಾರ್ಕಿನ್ಯಾಗ ತಗಿಯೋದು, ನಡುವ ಯಾರೂ ಮುಟ್ಟಬಾರದು," ಎಂದರು.

ಮಂಗಳವಾರ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಮೆಲ್ಲಗೆ ಕೇಳಿದರು: "ಗುರುವಾರ ಯಾ ದಿಕ್ಕಿಗಿ ಹೊಂಡೋದಪಾ?"

"ಬೆಂಗಳೂರಿಗವ್ವಾ. ದಕ್ಷಿಣಕ್ಕ."

"ಗುರುವಾರ ದಕ್ಷಿಣಕ್ಕ ಶೂಲ ಐತಿ. ಹೊಂಡಬಾರದು."

ನಮ್ಮನೆಯವರ ಕೈ ತುತ್ತಿನ ಮೇಲೆಯೇ ನಿಂತಿತು. ಲಾಡ್ಜಿಗೆ, ಪಾರ್ಕಿಗೆ ಎಲ್ಲಕ್ಕೂ ಬುಕಿಂಗ್ ಆಗಿತ್ತು. ಅವರ ಮುಖ ನೋಡಿ ಅತ್ತೆಯೇ ಪರಿಹಾರ ಹೇಳಿದರು. ಹಿರಿಯರು ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಹೊರಡುವ ದಿನ ಸರಿಯಿಲ್ಲದಿದ್ದರೆ, ಹಿಂದಿನ ದಿನವೇ ಒಳ್ಳೆಯ ಗಳಿಗೆಯಲ್ಲಿ ಒಂದು ಗಂಟನ್ನು ಮನೆಯಿಂದ ದಾಟಿಸಿ ಬೇರೆಯವರ ಮನೆಯಲ್ಲಿ ಇಡಬೇಕು. ಗಂಟು ಹೊರಟರೆ ನಾವೂ ಹೊರಟ ಲೆಕ್ಕ. ಮರುದಿನ ಹೋಗುತ್ತಾ ಅದನ್ನು ಎತ್ತಿಕೊಂಡರಾಯಿತು.

"ಆ ದೊಡ್ಡ ಬ್ಯಾಗ್ ಕೊಡು. ನಾನ ಇಟ್ಟು ಬರ್ತೀನಿ," ಎಂದರು ಅತ್ತೆ.

ನಮ್ಮನೆಯವರಿಗೆ ಶೂಲದಲ್ಲಿ ನಂಬಿಕೆ ಇಲ್ಲ, ಬುಕಿಂಗಿನಲ್ಲಿ ಇದೆ. ಒಪ್ಪಿದರು. ಟೈಮ್‌ಟೇಬಲ್ಲಿಗೆ ಇನ್ನೊಂದು ಸಾಲು ಸೇರಿತು: 'ಪ್ರಸ್ಥಾನದ ಬ್ಯಾಗ್, ಜವಾಬ್ದಾರಿ ಅವ್ವ.'

ಬುಧವಾರ ಬೆಳಿಗ್ಗೆ ಬ್ಯಾಗು ಎದುರುಮನೆಗೆ ಹೋಯಿತು. ಅಲ್ಲಿರುವವರು ಕೂಡ್ಲಿಗಿಗೆ ಡ್ಯೂಟಿಗೆ ಹೋಗಿಬರುವ ನರ್ಸಕ್ಕ. ಅವರ ಮನೆಯ ಪಡಸಾಲೆಯಲ್ಲಿ ಬುದ್ಧನ ಫೋಟೋ ಇದೆ. ರಾಹುಕಾಲ, ಶೂಲ ಏನನ್ನೂ ಅವರು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅತ್ತೆಗೂ ಅವರಿಗೂ ಮಾತ್ರ ಬಹಳ ಸಲಿಗೆ. ಅತ್ತೆಯ ಹಿಂದೆ ನಾನು ಬ್ಯಾಗು ಹೊತ್ತು ಹೋಗಿ ಸಂಕೋಚದಿಂದಲೇ ವಿಷಯ ಹೇಳಿದೆ. ಅವರು ನಕ್ಕು ಬಾಗಿಲು ಪೂರ್ತಿ ತೆರೆದರು.

"ನಮಗ ಇದರಾಗ ನಂಬಿಕಿ ಇಲ್ರಿ. ಆದ್ರ ಜಾಗ ಐತಿ, ಇಡ್ರಿ."

ಹೋಗಿ ನೋಡ್ಕೊಂಡ್ರಾತು

ಗುರುವಾರ ಕೋಳಿ ಕೂಗುವ ಮೊದಲೇ ನಾವು ಸ್ನಾನ ಮಾಡಿ, ಬಾಗಿಲಿಗೆ ಬೀಗ ಹಾಕಿ, ಕಟ್ಟೆಯ ಮೇಲೆ ಸಾಲಾಗಿ ಕೂತೆವು. ಸೂರ್ಯ ಬಂದ. ಹಾಲಿನವನು ಬಂದ, ನಮ್ಮನೆಯವರನ್ನು ಕಂಡು ಸಾಲಿಗೆ ನಿಲ್ಲಬೇಕೋ ಏನೋ ಎಂದು ಸ್ವಲ್ಪ ಅನುಮಾನಿಸಿ ಹೋದ. ಬಿಸಿಲೂ ಬಂತು. ಮೈದುನನ ಕಾರು ಬರಲಿಲ್ಲ.

ಕೊನೆಗೆ ಬಂದಾಗ ಕಾರಿನ ತುಂಬ ಮಿರ್ಚಿಯ ವಾಸನೆ. ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಬಿಸಿ ಬಿಸಿ ಕರಿಯುತ್ತಿದ್ದರಂತೆ, ಇಳಿದನಂತೆ, ಗೆಳೆಯ ಸಿಕ್ಕನಂತೆ.

"ಲೇ, ನಿನಗ ಎಷ್ಟೊತ್ತಿಗಿ ಬಾ ಅಂದಿದ್ದೆ?"

"ಅಣ್ಣಾ, ಮಂಡಕ್ಕಿ ಮಿರ್ಚಿ ತಂದೀನಿ. ಆರಿ ಹೋಗ್ತಾವು, ಮೊದ್ಲ ತಿನ್ನು, ಆಮ್ಯಾಲ ಬೈ."

ನಮ್ಮನೆಯವರು ಎರಡನ್ನೂ ಒಟ್ಟಿಗೆ ಮಾಡಿದರು. ಬಾಯಲ್ಲಿ ಮಿರ್ಚಿ ಇದ್ದದ್ದರಿಂದ ಬೈಗುಳ ಅಷ್ಟು ಖಾರವಾಗಿ ಬರಲಿಲ್ಲ. ಆ ಗಲಾಟೆಯಲ್ಲಿ ಸಾಮಾನು ಡಿಕ್ಕಿ ಸೇರಿತು, ಅತ್ತೆ ತಮ್ಮ ಕೈಚೀಲ ಎದೆಗೊತ್ತಿಕೊಂಡು ಕಿಟಕಿ ಹತ್ತಿರ ಕೂತರು.

"ಅವ್ವಾ, ಎಲ್ಲಾ ಬಂದಾವೇನು?" ಎಂದು ನಮ್ಮನೆಯವರು ಮುಂದಿನ ಸೀಟಿನಿಂದ ಕೇಳಿದರು.

"ನಮ್ಮ ಮನಿಯಾಗಿನವು ಎಲ್ಲಾ ಬಂದಾವಪಾ," ಎಂದರು ಅತ್ತೆ.

ಕಾರು ಹೊರಟಿತು. ಎದುರುಮನೆಯ ಬಾಗಿಲಲ್ಲಿ ನರ್ಸಕ್ಕ ನಿಂತಿದ್ದರು. ಅತ್ತೆ ಕಿಟಕಿಯಿಂದ ಕೈ ಬೀಸಿದರು. ಟಾಟಾ ಮಾಡುತ್ತಿದ್ದಾರೆ ಅಂದುಕೊಂಡು ನಾನೂ ಬೀಸಿದೆ.

ಆಮೇಲೆ ದಾರಿಯುದ್ದಕ್ಕೂ ಎಲ್ಲಿ ಎಳನೀರು ಕಂಡರೂ, ಎಲ್ಲಿ ಸೀತಾಫಲದ ಬುಟ್ಟಿ ಕಂಡರೂ ಮೈದುನ ಬ್ರೇಕ್ ಹಾಕಿದ. ಪ್ರತಿ ಸಲವೂ ಅವನ ಅಣ್ಣ "ಇದು ಪ್ಲಾನ್‌ದಾಗ ಇಲ್ಲ" ಎಂದು ಗದರಿದರು. ಪ್ರತಿ ಸಲವೂ ಎಲ್ಲರಿಗಿಂತ ಮೊದಲು ಇಳಿದು ದೊಡ್ಡ ಹಣ್ಣನ್ನು ಅವರೇ ಆರಿಸಿಕೊಂಡರು.

ಮುಟ್ಟಿಲ್ಲ ಅಷ್ಟ

ಶುಕ್ರವಾರ ಬೆಳಿಗ್ಗೆ ಪಾರ್ಕಿನ ಬಾಗಿಲಲ್ಲಿ ಮೊದಲನೇ ಪಿರಿಯಡ್ಡು ಶುರುವಾಯಿತು. ನಮ್ಮನೆಯವರು ಡಿಕ್ಕಿ ತೆಗೆದರು. ಮುಚ್ಚಿದರು. ಮತ್ತೆ ತೆಗೆದರು.

"ಬ್ಯಾಗ್ ಎಲ್ಲೈತಿ?"

ಲಾಡ್ಜಿನ ಬ್ಯಾಗು ಲಾಡ್ಜಿನಲ್ಲಿತ್ತು. ಡಿಕ್ಕಿಯಲ್ಲಿ ಒಂದು ಸ್ಟೆಪ್ನಿ, ಎರಡು ಸೀತಾಫಲ ಇದ್ದವು. ಎಲ್ಲರೂ ಅತ್ತೆಯ ಕಡೆ ತಿರುಗಿದೆವು.

"ಅವ್ವಾ, ಬ್ಯಾಗ್ ಬುಧವಾರನ ಹೊಂಟಿತ್ತಲ್ಲ?"

"ಹೊಂಟಿತ್ತಪಾ," ಎಂದರು ಅತ್ತೆ, ಪಾರ್ಕಿನ ಗೋಡೆಯಾಚೆ ಎತ್ತರದಲ್ಲಿ ಕಾಣುತ್ತಿದ್ದ ದೊಡ್ಡ ಚಕ್ರವನ್ನೇ ನೋಡುತ್ತಾ. "ಮುಟ್ಟಿಲ್ಲ ಅಷ್ಟ."

ಬಾತುಕೋಳಿ

ನೀರಿಗಿಳಿಯಲು ನೈಲಾನ್ ಬಟ್ಟೆಯೇ ಆಗಬೇಕು, ಇಲ್ಲದವರು ಬಾಡಿಗೆಗೆ ತೆಗೆದುಕೊಳ್ಳಬೇಕು ಎಂದರು. ಬಟ್ಟೆ ಕೊಡುವ ಹುಡುಗಿ ನಮ್ಮನೆಯವರನ್ನು ಮೇಲಿಂದ ಕೆಳಗೆ ನೋಡಿ, "ಸರ್, ನಿಮ್ಮ ಸೈಜು ಈಗ ಇಲ್ಲ, ಸ್ವಲ್ಪ ಬಿಟ್ಟು ಬನ್ನಿ," ಎಂದಳು. ಆ ದನಿ ನನಗೆ ಚೆನ್ನಾಗಿ ಗೊತ್ತು. ಮೂವತ್ತು ಬ್ಲೌಸು ಬಾಕಿ ಇದ್ದಾಗ ನನ್ನ ಬಾಯಲ್ಲೂ ಅದೇ ದನಿ ಬರುತ್ತದೆ. "ಇದ್ದದ್ದು ಕೊಡವ್ವಾ," ಎಂದೆ.

ಇದ್ದದ್ದು ಹಳದಿಯ ಒಂದು ಅಂಗಿ, ಮೊಣಕಾಲ ಮೇಲಿನ ಒಂದು ಚಡ್ಡಿ, ಎರಡರ ಮೇಲೂ ಬಾತುಕೋಳಿಗಳು. ಹೊಲಿಗೆ ಕಂಕುಳಲ್ಲಿ ಆಗಲೇ ಬಿಚ್ಚಿಕೊಳ್ಳುತ್ತಿತ್ತು. ಶಾಲೆಯಲ್ಲಿ ಅಂಗಿಯ ಕುತ್ತಿಗೆ ಗುಂಡಿಯನ್ನೂ ಬಿಚ್ಚದ ಮನುಷ್ಯ, ಕಳಚಿದ ಬಟ್ಟೆಯನ್ನು ಅಲ್ಲಿಯ ಲಾಕರಿಗೆ ಹಾಕಿ, ಗೋಡೆ ಹಿಡಿದುಕೊಂಡು ಹೊರಬಂದರು. ಬಂದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ.

"ನಮಸ್ಕಾರ ಸಾರ್!"

ತಂಬ್ರಹಳ್ಳಿಯ ಅವರ ಹಳೆಯ ವಿದ್ಯಾರ್ಥಿ, ಈಗ ಹೆಂಡತಿ ಮಕ್ಕಳ ಸಮೇತ. ಕೈ ಜೋಡಿಸಿ ನಿಂತವನು ನಗು ತಡೆಯಲು ಹೋಗಿ ಕೆಂಪಾಗಿದ್ದ. "ಮಾರಿ ಮ್ಯಾಲೆ ಗುರ್ತ ಹತ್ಲಿಲ್ರಿ ಸಾರ್. ಪಾದ ನೋಡಿ ಗುರ್ತ ಹಿಡದೆ. ಮೊಣಕಾಲ ಮ್ಯಾಗ ಕುಂದ್ರಸಿ ಶಿಕ್ಷಾ ಕೊಡ್ತಿದ್ರೆಲ್ಲ, ಆವಾಗ ನಮ್ಮ ಕಣ್ಣಿಗಿ ಬೀಳ್ತಿದ್ದದ್ದು ಅವ."

ಅಲ್ಲಿಂದ ಅಲೆಯ ಕೊಳಕ್ಕೆ ಹೋದೆವು. ಮಗಳು ವಾರದಿಂದ ಕನಸು ಕಂಡಿದ್ದ ಜಾಗ. ನೂರಾರು ಜನ ಎದೆಮಟ್ಟ ನೀರಿನಲ್ಲಿ ನಿಂತು ಕಾಯುತ್ತಿದ್ದರು. ದಡದ ಮೇಲಿದ್ದ ಕಾವಲಿನವನು ಅಲೆ ಬರುತ್ತದೆ ಎಂದು ಜೋರಾಗಿ ಸೀಟಿ ಊದಿದ.

ಎಲ್ಲರೂ ಹೋ ಎಂದು ನೀರಿನ ಒಳಕ್ಕೆ ಓಡಿದರು. ನಾನೂ ಮಗಳೂ ಎದ್ದೆವೋ ಬಿದ್ದೆವೋ ಎಂದು ಹೊರಕ್ಕೆ ಓಡಿ ದಡದಲ್ಲಿ ಸಾಲಾಗಿ ನಿಂತೆವು. ನಿಂತ ಮೇಲೆ ನಮಗೆ ಬುದ್ಧಿ ಬಂತು, ಅಷ್ಟರಲ್ಲಿ ಅಲೆ ಮುಗಿದಿತ್ತು. ಎರಡನೇ ಸಲವೂ ಹಾಗೆಯೇ ಆಯಿತು. ಮಗಳು ಅಳುವುದೊಂದು ಬಾಕಿ.

ಬಾತುಕೋಳಿಗಳ ನಡುವೆ ನಮ್ಮನೆಯವರ ಎದೆ ಉಬ್ಬಿತ್ತು. "ನೋಡಿದ್ಯಾ," ಎಂದರು ತಮ್ಮನಿಗೆ, "ರಿಹರ್ಸಲ್ ಮಾಡಿದ್ರ ಹೆಂಗಿರ್ತೈತಿ!"

ಸುಮ್ನ ಕುಂದ್ರೋದು

ಊಟದ ಬಿಡುವಾದ ಮೇಲೆ ನಮ್ಮನೆಯವರು ಅಭ್ಯಾಸಬಲದಿಂದ ಮರವೊಂದರ ಕಡೆ ಕೈ ತೋರಿಸಿ, "ಅವ್ವಾ, ನೀ ಅಲ್ಲಿ ನೆಳ್ಳಾಗ..." ಎಂದರು.

"ಏನ್ ಕಾಯ್ಲಿಪಾ?" ಎಂದು ಅತ್ತೆ ಕೇಳಿದರು.

ಪ್ಲಾನಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಮೈದುನ ಅಷ್ಟರಲ್ಲಿ ತಾಯಿಯ ಕೈ ಹಿಡಿದು ಚಕ್ರದ ಸಾಲಿನಲ್ಲಿ ನಿಂತಿದ್ದ. "ನಡಿಯವ್ವಾ, ಹೋಗಿ ನೋಡ್ಕೊಂಡ್ರಾತು!"

"ತಲಿ ತಿರಗಿದ್ರ?" ಎನ್ನುತ್ತಾ ನಮ್ಮನೆಯವರು ಓಡಿದರು. ತಾಯಿಯನ್ನು ಒಬ್ಬಳೇ ಬಿಡಬಾರದೆಂದು ಅದೇ ತೊಟ್ಟಿಲಿನಲ್ಲಿ ಅವರೂ ಕೂತರು. ಎದುರಿಗೆ ನಾನು. ಸರಳು ಹಾಕುವಾಗ ಅಲ್ಲಿಯವನು, "ಅಜ್ಜಿ, ಭಯ ಆದ್ರೆ ಕಣ್ಣು ಮುಚ್ಕೊಳ್ಳಿ," ಎಂದ.

ಚಕ್ರ ಎತ್ತತೊಡಗಿತು. ಕಣ್ಣು ಮುಚ್ಚಿದ್ದು ನಮ್ಮನೆಯವರು.

ಅತ್ತೆ ಸೆರಗು ಬಿಗಿಯಾಗಿ ಸುತ್ತಿಕೊಂಡು ಕಣ್ಣರಳಿಸಿ ನೋಡುತ್ತಿದ್ದರು. ಮೇಲೆ ಹೋದಂತೆ ಕೆಳಗಿನ ಗಲಾಟೆ ಕಡಿಮೆಯಾಯಿತು. ತುದಿಗೆ ಬಂದು ಚಕ್ರ ಸ್ವಲ್ಪ ನಿಂತಾಗ ಅತ್ತೆ ಕೇಳಿದರು: "ನಮ್ಮೂರು ಯಾ ಕಡಿಗೈತವಾ?"

ನಾನು ಉತ್ತರದ ಕಡೆ ಕೈ ತೋರಿಸಿದೆ. ಕತ್ತು ಚಾಚಿ ಅತ್ತಲೇ ನೋಡಿದರು.

"ಕಾಣವಲ್ದು. ಚಲೋ ಆತು ಬಿಡು. ಅಲ್ಲಿಂದ ಯಾರಿಗೂ ನಾನೂ ಕಾಣಂಗಿಲ್ಲ."

ಹೇಳಿ ಚಿಕ್ಕ ಹುಡುಗಿಯ ಹಾಗೆ ನಕ್ಕರು. ಮದುವೆಯಾಗಿ ಬಂದಾಗಿನಿಂದ ಅವರ ನಗು ನೋಡಿದ್ದೇನೆ, ಈ ನಗು ನೋಡಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಗಾಳಿಗೆ ಎಂದು ಒರೆಸಿಕೊಂಡೆ.

ಇಳಿದ ಮೇಲೆ ಅತ್ತೆ, "ಇನ್ನೊಮ್ಮಿ," ಎಂದರು. ಮತ್ತೊಮ್ಮೆ ಹೋದರು. ಆಮೇಲೆ ಮೊಮ್ಮಗಳ ಜೊತೆ ಕಾಲು ಮುಳುಗುವ ನೀರಿಗೂ ಇಳಿದು, ಯಾರೋ ಎರಚಿದ ನೀರಿಗೆ ಪೂರ್ತಿ ತೊಯ್ದರು. ನಾವೆಲ್ಲ ಟವೆಲ್ಲೂ ಇಲ್ಲದೆ ಸಂಜೆಯ ತನಕ ಬಾಡಿಗೆಯ ಬಟ್ಟೆಯಲ್ಲೇ ಹಸಿಹಸಿಯಾಗಿ ನಡುಗುತ್ತಿದ್ದರೆ, ಅತ್ತೆ ಮಾತ್ರ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಒಣ ಸೀರೆ ಉಟ್ಟು ಬಂದರು. "ಎಲ್ಲಿತ್ತು ಅತ್ತೀ?" ಎಂದೆ. "ಕೈಚೀಲದಾಗ," ಎಂದರು.

ನಮ್ಮನೆಯವರಿಗೆ ಚಕ್ರದಿಂದ ಇಳಿದಾಗಿನಿಂದ ಭೂಮಿ ನಿಂತಿರಲಿಲ್ಲ. ಉಳಿದ ಪಿರಿಯಡ್ಡುಗಳನ್ನೆಲ್ಲ ಅವರು ಅದೇ ಮರದ ನೆರಳಲ್ಲಿ, ತಾಯಿಯ ಚಪ್ಪಲಿ ಕಾಯುತ್ತಾ ಕಳೆದರು.

ಒಂದು ಸೀರೆ ಕಡಿಮೆ

ಶನಿವಾರ ಕೊಟ್ಟೂರು ಮುಟ್ಟಿದೆವು. ಕಾರಿನ ಸದ್ದು ಕೇಳಿ ನರ್ಸಕ್ಕನೇ ಬ್ಯಾಗು ಎತ್ತಿಕೊಂಡು ಬಂದರು. "ತಗೋರಿ ನೀವು ಇಟ್ಟಿದ್ದ ಅಮಾನತ್ತು," ಎಂದು ನಮ್ಮ ಪಡಸಾಲೆಯಲ್ಲಿ ಇಟ್ಟರು.

ನಮ್ಮನೆಯವರು ಅವರಿಗೊಂದು ಚಹಾ ಮಾಡೆಂದು ಮಗಳಿಗೆ ಹೇಳಿ, ಅಲ್ಲೇ ಕೂತು ಜಿಪ್ಪೆಳೆದರು. ತುಂಬಿದ್ದನ್ನು ತುಂಬಿದ ಕ್ರಮದಲ್ಲೇ ತೆಗೆದು ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ. ಟವೆಲ್ಲು ಬಂತು, ನನ್ನ ಬಟ್ಟೆ ಬಂತು, ಮಗಳದು, ತಮ್ಮದು, ಛತ್ರಿ, ಔಷಧಿ. ಕೊನೆಗೆ ಬ್ಯಾಗು ಬೋರಲು ಹಾಕಿ ಕೊಡವಿದರು.

"ಅವ್ವನ ಒಣಾ ಸೀರಿ ಇಟ್ಟಿದ್ದೆ. ನೀಲಿದು. ಇದರಾಗ ಇಲ್ಲಲ್ಲ?"

ನರ್ಸಕ್ಕನ ಮುಖ ಸಣ್ಣದಾಯಿತು. "ನಾವು ಜಿಪ್ಪ ಸೈತ ಮುಟ್ಟಿಲ್ರಿ ಮೇಷ್ಟ್ರ," ಎಂದರು. ನನಗೆ ನೆಲ ಬಿರಿಯಬಾರದೆ ಅನಿಸಿತು. ಇಷ್ಟು ವರ್ಷದ ಎದುರುಬದುರಿನ ನಂಟು ಒಂದು ಸೀರೆಗೆ ಹೋಗುತ್ತದಲ್ಲ ಎಂದು ಅತ್ತೆಯ ಕಡೆ ನೋಡಿದೆ. ನೀಲಿ ಸೀರೆ ಅವರ ಮೈಮೇಲೇ ಇತ್ತು.

ಅತ್ತೆ ಒಮ್ಮೆ ಗೆಳತಿಯ ಮುಖ ನೋಡಿದರು, ಒಮ್ಮೆ ಮಗನ ಮುಖ ನೋಡಿದರು.

"ಅಕಿಗಿ ಏನೂ ಅನ್ನಬ್ಯಾಡಪಾ. ಸೀರಿ ನಾನ ತಗದುಕೊಂಡಿದ್ದೆ, ಮಂಗಳವಾರ ರಾತ್ರಿ."

"ಯಾಕವ್ವಾ?"

"ಬ್ಯಾಗ್ ಪಾರ್ಕಿಗಿ ಬರಂಗಿಲ್ಲಂತ ನನಗ ಗೊತ್ತಿತ್ತು. ತೊಯ್ಸಿಕೊಂಡ್ರ ಉಟ್ಕೊಳ್ಳಾಕ ಬೇಕಲ್ಲ?"

ನರ್ಸಕ್ಕನಿಗೆ ಈಗ ಉಸಿರು ಬಂತು, ನಗುವೂ ಬಂತು. "ಅವತ್ತು ಮುಂಜಾನಿ ಬ್ಯಾಗ್ ಬಾಗಿಲ ತನಕ ತಂದಿದ್ನಿರಿ. ಅಜ್ಜಿ ಕಾರಿನ್ಯಾಗಿಂದ ಕೈ ಬೀಸಿ 'ಒಳಗ ಒಯ್ಯಿ' ಅಂದ್ರು. ದೊಡ್ಡಾರು ಹೇಳ್ತಾರ, ಏನೋ ಪದ್ಧತಿ ಇರಬೇಕಂತ ಒಯ್ದೆ."

ನಮ್ಮನೆಯವರು ಖಾಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಷ್ಟು ವರ್ಷ ಟೈಮ್‌ಟೇಬಲ್ ಹಾಕಿದ ಮನುಷ್ಯನಿಗೆ ತನಗಿಂತ ದೊಡ್ಡ ಮೇಷ್ಟ್ರು ಮನೆಯಲ್ಲೇ ಇದ್ದದ್ದು ಆಗ ತಿಳಿಯಿತು.

"ಹಂಗಾರ ಆ ಶೂಲ?"

"ಶೂಲ ಖರೇನ ಐತಿ. ಗುರುವಾರ ಅಂತ ಹಾಕಿದಾಂವ ನೀನ."

"ಇಷ್ಟೆಲ್ಲಾ ಮಾಡೋ ಬದ್ಲಿ ನನಗೊಂದು ಮಾತು ಹೇಳಬಾರದೇನವ್ವಾ?"

"ಹೇಳಿದ್ನೆಲ್ಲಪಾ, ನಾನೂ ಒಮ್ಮಿ ಕುಂದ್ರತೀನಂತ," ಎಂದರು ಅತ್ತೆ, ನರ್ಸಕ್ಕನ ಕೈಗೆ ಚಹಾದ ಲೋಟ ಕೊಡುತ್ತಾ. "ಬ್ಯಾಗ್ ಕಾಯೋರು ಯಾರಂತ ನೀನ ಕೇಳಿದಿ. ಅದಕ ಕಾಯೋರನ್ನ ನೋಡಿ ಇಟ್ಟು ಬಂದಿದ್ದೆ."